ಮೇಣದಬತ್ತಿಯ ಬೆಳಕಿನಲ್ಲಿ ಮಾವಳರ ಊಟ

ಪುಣೆಯಲ್ಲಿ ವರ್ಷಕ್ಕೊಮ್ಮೆ ಇತಿಹಾಸವು ಬೀದಿಗಿಳಿಯುತ್ತದೆ. ಫೆಬ್ರವರಿ 19ರ ಶಿವಜಯಂತಿಯಂದು ಕಚೇರಿಯ ಗುಮಾಸ್ತನು ಪೇಟ ಸುತ್ತಿ ಮಾವಳ ಸೈನಿಕನಾಗುತ್ತಾನೆ. ಕಾಲೇಜಿನ ಹುಡುಗನು ನಡುಕಟ್ಟು ಬಿಗಿದು ಸರದಾರನಾಗುತ್ತಾನೆ. ಕೆಲವು ವರ್ಷಗಳ ಹಿಂದೆ, ನಾನು ಲೇಖನಿ ಹಿಡಿಯುವುದಕ್ಕೆ ಮೊದಲು, ಗಲ್ಲಾಪೆಟ್ಟಿಗೆಯ ಮುಂದೆ ಕುಳಿತಿದ್ದ ಕಾಲದಲ್ಲಿ, ಅಂತಹ ತಂಡವೊಂದು ರಾತ್ರಿಯ ಊಟಕ್ಕೆ ನಮ್ಮ ಹೋಟೆಲಿಗೆ ಬಂದಿತು.

ನಮ್ಮದು ಹಳೆಯ ವಾಡೆಯ ಕೆಳ ಅಂತಸ್ತು. ಸಾಗುವಾನಿಯ ತೊಲೆಗಳು, ಕಲ್ಲುಹಾಸಿನ ನೆಲ. ಮೆರವಣಿಗೆ ಮುಗಿಸಿ ಬಂದ ಹದಿನೈದು ಮಂದಿ ತರುಣರು ಮರದ ಕತ್ತಿಗಳನ್ನು ಗೋಡೆಗೆ ಒರಗಿಸಿ ಕುಳಿತರೋ ಇಲ್ಲವೋ, ದೀಪಗಳು ಆರಿದವು. ಕ್ಲೀನರ್ ಹುಡುಗನು ಮೇಣದಬತ್ತಿಗಳನ್ನು ತಂದು, ಬೋರಲು ಹಾಕಿದ ಲೋಟಗಳ ಮೇಲೆ ನಿಲ್ಲಿಸಿದನು. ಆ ಮಂದ ಬೆಳಕಿನಲ್ಲಿ, ಸಾರು ಅನ್ನ ಕಲಸುತ್ತಿದ್ದ ಅವರನ್ನು ನೋಡಿದಾಗ ಮೂರೂವರೆ ಶತಮಾನಗಳು ಹಿಂದೆ ಸರಿದಂತೆ ತೋರಿತು.

ಅವರು ಅಂದು ಅಭಿನಯಿಸಿದ್ದು ಲಾಲ್ ಮಹಲಿನ ಪ್ರಸಂಗವನ್ನು. 1663ರ ಏಪ್ರಿಲ್ ತಿಂಗಳು. ಶಿವಾಜಿಯ ಬಾಲ್ಯದ ಮನೆಯಲ್ಲಿ ಮೊಗಲರ ಸುಬೇದಾರ ಶಾಯಿಸ್ತಾಖಾನನು ಬೀಡುಬಿಟ್ಟಿದ್ದನು. ಶಿವಾಜಿಯ ಜನರು ಮದುವೆಯ ದಿಬ್ಬಣದ ನೆಪದಲ್ಲಿ ಊರನ್ನು ಹೊಕ್ಕು, ನಡುರಾತ್ರಿ ಅಡುಗೆಮನೆಯ ಕಡೆಯಿಂದ ಒಳನುಗ್ಗಿದರು. ಖಾನನು ಬೆರಳು ಕಳೆದುಕೊಂಡು ಬದುಕಿದನು. ಅವನ ಮಗನು ಹತನಾದನು. ಈ ಸಾಹಸವನ್ನು ತರುಣರು ಹುರುಪಿನಿಂದ ವರ್ಣಿಸುತ್ತಿದ್ದರು.

ನಮ್ಮ ಅಡುಗೆಯ ಭಟ್ಟರು ಚನ್ನಗಿರಿಯ ಕಡೆಯವರು. ಸೌಟು ಹಿಡಿದು ಬಾಗಿಲಲ್ಲೇ ನಿಂತು ಕೇಳುತ್ತಿದ್ದ ಅವರು, ತಮ್ಮ ಹರಕುಮುರುಕು ಮರಾಠಿಯಲ್ಲಿ, "ನಿಮ್ಮ ಮಹಾರಾಜರ ತಂದೆ ಶಹಾಜಿಯವರ ಸಮಾಧಿ ಇರುವುದು ನಮ್ಮ ತಾಲ್ಲೂಕಿನ ಹೊದಿಗೆರೆಯಲ್ಲಿ, ಗೊತ್ತೇ?" ಎಂದರು. ಬೆಂಗಳೂರನ್ನು ಜಹಗೀರಿಯಾಗಿ ಪಡೆದಿದ್ದ ಶಹಾಜಿಯು 1664ರಲ್ಲಿ ಅಲ್ಲಿಯೇ ತೀರಿಕೊಂಡುದು ಆ ಹುಡುಗರಲ್ಲಿ ಕೆಲವರಿಗೆ ಹೊಸ ಸಂಗತಿ. ಎಲ್ಲರೂ "ಹೇಳಿ, ಅಣ್ಣಾ" ಎಂದು ತಿರುಗಿ ಕುಳಿತರು.

ಭಟ್ಟರು ಮತ್ತೊಂದು ಪ್ರಶ್ನೆ ಕೇಳಿದರು: "ಆ ರಾತ್ರಿಯ ಅಡುಗೆಯವರ ವೇಷ ಯಾರದು?"

ಯಾರೂ ಉತ್ತರಿಸಲಿಲ್ಲ. ಅದು ರಂಜಾನ್ ಮಾಸ. ಬೆಳಗಿನ ಉಪವಾಸಕ್ಕೆ ಮುಂಚಿನ ಊಟದ ಸಿದ್ಧತೆಗೆ ಅಡುಗೆಯವರು ಕೆಲವರು ಎಚ್ಚರವಾಗಿದ್ದರೆಂದೂ, ಮೊದಲು ಪ್ರಾಣ ತೆತ್ತವರು ಅವರೇ ಎಂದೂ ಮೊಗಲರ ಇತಿಹಾಸಕಾರ ಖಾಫಿಖಾನನು ಬರೆದಿದ್ದಾನೆ. ಅವರ ಹೆಸರುಗಳು ಮಾತ್ರ ಯಾರಿಗೂ ತಿಳಿಯವು. ಯುದ್ಧದಲ್ಲಿ ಅವರಿಗೆ ಪಾಲಿರಲಿಲ್ಲ. ಒಲೆಯ ಮುಂದೆ ತಮ್ಮ ಕೆಲಸದಲ್ಲಿದ್ದರು, ಅಷ್ಟೆ.

ತರುಣರು ಭಟ್ಟರನ್ನು ತಮ್ಮ ಪಂಕ್ತಿಯಲ್ಲಿ ಕೂರಲು ಕರೆದರು. ಒಲೆಯ ಮೇಲೆ ಹಾಲಿದೆಯೆಂದು ಅವರು ಒಪ್ಪಲಿಲ್ಲ. ಆಗ ಸೇನಾಪತಿಯ ವೇಷದ ಹುಡುಗನು ಒಂದು ತಟ್ಟೆಗೆ ತಾನೇ ಅನ್ನ ಬಡಿಸಿ, ಮೇಣದಬತ್ತಿಯೊಂದನ್ನು ಹಿಡಿದು, ಅಡುಗೆಮನೆಯೊಳಕ್ಕೆ ನಡೆದನು. ಭಟ್ಟರು ಮೂವತ್ತು ವರ್ಷ ಪರರಿಗೆ ಬಡಿಸಿದವರು. ಬೇರೊಬ್ಬರು ಬಡಿಸಿದ ಊಟವನ್ನು ಆ ಮನೆಯಲ್ಲಿ ಉಂಡದ್ದು ಅಂದೇ ಮೊದಲು. ಮಾಲೀಕನಾಗಿದ್ದ ನನಗೆ ಅದು ಅದುವರೆಗೆ ತೋಚಿರಲಿಲ್ಲವೆಂದು ಒಪ್ಪಿಕೊಳ್ಳುತ್ತೇನೆ.

ಸ್ವಲ್ಪ ಹೊತ್ತಿಗೆ ದೀಪ ಬಂದಿತು. ಹುಡುಗರು ಹಣ ತೆತ್ತು, ಕತ್ತಿಗಳನ್ನು ಎತ್ತಿಕೊಂಡು ಹೊರಟರು. ಮರುದಿನದಿಂದ ನಮ್ಮ ಹೋಟೆಲಿನಲ್ಲಿ ಕೆಲಸಗಾರರಿಗೆ ಮೊದಲು ಊಟ, ಆನಂತರ ಗಿರಾಕಿಗಳಿಗೆ ಎಂಬ ಪದ್ಧತಿ ಆರಂಭವಾಯಿತು.