ಜೀಪಿನಲ್ಲಿ ಜಾಕ್ ಇದ್ದರೆ ಸಾಲದು

(ಸಂಘದ ಕಾರ್ಯದರ್ಶಿಯವರಿಂದ)



ಮೃಗಶಿರಾ ಮಳೆ ಹಿಡಿಯಿತೆಂದರೆ ನಮ್ಮ ತೋಟದ ರಸ್ತೆಗಳು ರಸ್ತೆಗಳಾಗಿ ಉಳಿಯುವುದಿಲ್ಲ. ಕೊಪ್ಪ, ಶೃಂಗೇರಿ, ಕಳಸ, ಮೂಡಿಗೆರೆ ಸೀಮೆಯಲ್ಲಿ ಡಾಂಬರು ಮುಗಿದ ಮೇಲೂ ಮನೆಯಂಗಳ ಮುಟ್ಟಲು ಒಂದೆರಡು ಮೈಲಿ ಕೆಮ್ಮಣ್ಣಿನ ಏರು ಹತ್ತಬೇಕಾದವರು ನಮ್ಮಲ್ಲಿ ಅನೇಕರಿದ್ದಾರೆ. ಗೊಬ್ಬರ, ಮೈಲುತುತ್ತ, ಸುಣ್ಣ, ಅಕ್ಕಿಮೂಟೆ, ಕೊನೆಗೆ ಕಾಯಿಲೆಯವರು ಸಹ ಇದೇ ದಾರಿಯಲ್ಲಿ ಜೀಪಿನಲ್ಲೇ ಹೋಗಿಬರಬೇಕು. ಇಂಥ ಜೀಪಿನಲ್ಲಿ ಜಾಕ್, ಹಗ್ಗ ಮುಂತಾದ ಸಾಮಾನು ಇರಬೇಕೆಂಬುದನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಆದರೆ ಅವು ಯಾವ ಸ್ಥಿತಿಯಲ್ಲಿವೆ, ಅವುಗಳನ್ನು ಬಳಸುವ ಕ್ರಮ ನಮಗೆ ಗೊತ್ತಿದೆಯೇ ಎಂಬ ಪ್ರಶ್ನೆಯನ್ನು ಮಳೆಗಾಲಕ್ಕೆ ಮುಂಚೆ ಪ್ರತಿಯೊಬ್ಬರೂ ಕೇಳಿಕೊಳ್ಳುವುದು ಒಳ್ಳೆಯದು. ನಾನು ಕೇಳಿಕೊಳ್ಳಲಿಲ್ಲ. ಅದರ ಫಲವನ್ನು ಇನ್ನೊಬ್ಬರು ಅನುಭವಿಸಿದರು.

ನನ್ನ ಅನುಭವ

2009ರ ಪುಷ್ಯ ಮಳೆಯ ಸಮಯ. ಅಡಿಕೆಗೆ ಎರಡನೆಯ ಸಲ ಬೋರ್ಡೋ ಹೊಡೆಯಬೇಕಿತ್ತು. ಸುಣ್ಣ, ಮೈಲುತುತ್ತದ ಮೂಟೆ ಹೇರಿಕೊಂಡು ಬರುವಾಗ ತೋಟದ ಇಳಿಜಾರಿನಲ್ಲಿ ಹಿಂದಿನ ಎಡಚಕ್ರ ಪಂಕ್ಚರ್ ಆಯಿತು. ಜೊತೆಗಿದ್ದವನು ನಮ್ಮ ಕೊನೆಗಾರ. ಮಳೆ ಸುರಿಯುತ್ತಿದ್ದುದರಿಂದ ಇಬ್ಬರಿಗೂ ಅವಸರ. ಗಾಡಿಯನ್ನು ಮೊದಲನೆಯ ಗೇರಿಗೆ ಹಾಕಿದೆ, ಕೈಬ್ರೇಕ್ ಎಳೆದೆ. ಆಕ್ಸಲಿನ ಕೆಳಗೆ ಬಾಟಲಿ ಜಾಕ್ ಕೊಟ್ಟು ಎತ್ತಿ, ಚಕ್ರ ಬಿಚ್ಚಿದೆವು. ಉಳಿದ ಚಕ್ರಗಳಿಗೆ ಕಲ್ಲು ಕೊಡಲಿಲ್ಲ. ಕೈಬ್ರೇಕ್ ಇದೆಯಲ್ಲ ಎಂದುಕೊಂಡೆ.

ಉರುಳಿ ಕೆಳಗೆ ಹೋಗಿದ್ದ ನಟ್ಟನ್ನು ತೆಗೆಯಲು ಅವನು ಕೈಚಾಚಿದ. "ಅಯ್ಯಾ, ಗಾಡಿ ಅಲ್ಲಾಡ್ತಾ ಇದೆ" ಎಂದ. ನಾನು ನೋಡುವಷ್ಟರಲ್ಲಿ ಬ್ರೇಕ್ ಡ್ರಮ್ ತನ್ನಷ್ಟಕ್ಕೆ ಹಿಮ್ಮುಖವಾಗಿ ತಿರುಗಿತು, ಜೀಪು ಒಂದಡಿ ಮುಂದೆ ಜಾರಿತು, ಜಾಕ್ ಮಗುಚಿ ಬಿತ್ತು. ಡ್ರಮ್ಮು ಅವನ ಎಡಗೈಯ ಮೇಲೆ ಕೂತಿತು. ಕೆಳಗೆ ಕೆಸರಿದ್ದುದರಿಂದ ಕೈ ಉಳಿಯಿತು. ಎರಡು ಬೆರಳು ಉಳಿಯಲಿಲ್ಲ. ಪಕ್ಕದ ತೋಟದವರ ಜೀಪಿನಲ್ಲಿ ಆಸ್ಪತ್ರೆ ಮುಟ್ಟುವಾಗ ಕತ್ತಲಾಗಿತ್ತು.

ಕೊನೆಗಾರನಿಗೆ ಬೆರಳೆಂದರೆ ಏನೆಂಬುದನ್ನು ಅಡಿಕೆ ಬೆಳೆಗಾರರಿಗೆ ವಿವರಿಸಬೇಕಾಗಿಲ್ಲ. ಅವನು ಮತ್ತೆ ಮರ ಹತ್ತಲಿಲ್ಲ. ಚಿಕಿತ್ಸೆಯ ಖರ್ಚು ಕೊಟ್ಟೆ, ತೋಟದಲ್ಲಿ ಬೇರೆ ಕೆಲಸ ಕೊಟ್ಟೆ. ಹೋದ ಕಸುಬನ್ನು ಕೊಡಲು ನನ್ನಿಂದಾಗಲಿಲ್ಲ.

ಕೈಬ್ರೇಕ್ ಏಕೆ ಹಿಡಿಯಲಿಲ್ಲ?

ಆ ಬಳಿಕ ಹಳೆಯ ಮೆಕ್ಯಾನಿಕ್ ಒಬ್ಬರು, "ನಿಮ್ಮ ಜೀಪಿನ ಕೈಬ್ರೇಕ್ ಎಲ್ಲಿ ಹಿಡಿಯುತ್ತೆ ಅಂತ ಯಾವತ್ತಾದರೂ ಬಗ್ಗಿ ನೋಡಿದ್ದೀರಾ ಸಾರ್?" ಎಂದು ಕೇಳಿದರು. ಬಿ.ಎಸ್ಸಿ. ಓದಿದವನು ನಾನು, ಇಪ್ಪತ್ತು ವರ್ಷ ಜೀಪು ಓಡಿಸಿದ್ದೆ, ನೋಡಿರಲಿಲ್ಲ.

ವಿಲ್ಲಿಸ್ ಮಾದರಿಯ ಹಳೆಯ ಜೀಪುಗಳಲ್ಲಿ ಕೈಬ್ರೇಕ್ ಚಕ್ರಗಳನ್ನು ಹಿಡಿಯುವುದಿಲ್ಲ. ಗೇರ್ ಪೆಟ್ಟಿಗೆಯ ಹಿಂದಿನಿಂದ ಹಿಂದಿನ ಆಕ್ಸಲಿಗೆ ಹೋಗುವ ಶಾಫ್ಟನ್ನು ಹಿಡಿಯುತ್ತದೆ. ಗೇರಿಗೆ ಹಾಕಿದರೆ ಎಂಜಿನ್ ಹಿಡಿಯುವುದೂ ಅದೇ ಶಾಫ್ಟನ್ನು. ಎರಡೂ ಹಿಂಚಕ್ರಗಳು ನೆಲದ ಮೇಲಿದ್ದರೆ ಇದು ಚೆನ್ನಾಗಿಯೇ ಹಿಡಿಯುತ್ತದೆ. ಒಂದು ಹಿಂಚಕ್ರ ಮೇಲೆದ್ದ ಕೂಡಲೇ ಆಟ ಬದಲಾಗುತ್ತದೆ. ಶಾಫ್ಟ್ ನಿಂತಿದ್ದರೂ ಡಿಫರೆನ್ಷಿಯಲ್ ಒಳಗಿನ ಹಲ್ಲುಗಳ ಮೂಲಕ ನೆಲದ ಮೇಲಿನ ಚಕ್ರ ಮುಂದಕ್ಕೂ ಗಾಳಿಯಲ್ಲಿರುವ ಚಕ್ರ ಹಿಂದಕ್ಕೂ ತಿರುಗಬಲ್ಲವು. ಅಂದರೆ ಗೇರು, ಕೈಬ್ರೇಕು ಎರಡೂ ಇದ್ದರೂ ಇಳಿಜಾರಿನಲ್ಲಿ ಗಾಡಿಗೆ ತಡೆಯೇ ಇಲ್ಲ. ಅಂದು ಡ್ರಮ್ಮು ಹಿಮ್ಮುಖವಾಗಿ ತಿರುಗಿದ್ದು ಇದರಿಂದಲೇ.

ಇದಕ್ಕೆ ಪರಿಹಾರ ಸುಲಭ. ಜಾಕ್ ಮುಟ್ಟುವ ಮೊದಲು ನೆಲದ ಮೇಲೆ ಉಳಿಯುವ ಚಕ್ರಗಳಿಗೆ ಹಿಂದೆ ಮುಂದೆ ಎರಡೂ ಕಡೆ ಮರದ ಬೆಣೆ ಕೊಡಬೇಕು. ಉರುಟು ಕಲ್ಲು ಕೆಸರಿನಲ್ಲಿ ಜಾರುತ್ತದೆ. ಫೋರ್ ವೀಲ್ ಇರುವ ಗಾಡಿಯಾದರೆ ಅದನ್ನು ಹಾಕಿ ಮೊದಲನೆಯ ಗೇರಿನಲ್ಲಿ ನಿಲ್ಲಿಸಿದರೆ ಮುಂಚಕ್ರಗಳೂ ಹಿಡಿಯುತ್ತವೆ. ಮುಂಚಕ್ರಕ್ಕೆ ಹಬ್ ಲಾಕ್ ಇದ್ದರೆ ಅದನ್ನೂ ಹಾಕಿರಬೇಕು. ಹೊಸ ಗಾಡಿಗಳಲ್ಲಿ ಕೈಬ್ರೇಕ್ ಸಾಮಾನ್ಯವಾಗಿ ಹಿಂದಿನ ಎರಡು ಚಕ್ರಗಳಿಗೇ ಇರುತ್ತದೆ. ಆದರೂ ಬೆಣೆ ಬಿಡಬಾರದು.

ಜಾಕಿನ ಬುಡಕ್ಕೆ ಹಲಗೆ

ಮಳೆಗಾಲದ ಇನ್ನೊಂದು ತೊಂದರೆಯೆಂದರೆ ಜಾಕ್ ಗಾಡಿಯನ್ನು ಎತ್ತುವ ಬದಲು ತಾನೇ ನೆಲಕ್ಕಿಳಿಯುವುದು. ಒಂದು ಸಣ್ಣ ಲೆಕ್ಕ ನೋಡೋಣ. ಸರಕು ತುಂಬಿದ ಜೀಪಿನ ಹಿಂದಿನ ಒಂದು ಮೂಲೆಯ ಮೇಲೆ 500 ಕಿಲೊ ಭಾರ ಎಂದಿಟ್ಟುಕೊಳ್ಳಿ. ಜಾಕಿನ ಬುಡ 10 ಸೆಂ.ಮೀ. ಚೌಕವಾಗಿದ್ದರೆ 100 ಚದರ ಸೆಂ.ಮೀ. ಆಯಿತು, ಪ್ರತಿ ಚದರ ಸೆಂ.ಮೀ.ಗೆ 5 ಕಿಲೊ ಒತ್ತಡ. ಅದೇ ಜಾಕನ್ನು 30 ಸೆಂ.ಮೀ. ಚೌಕದ ಹಲಗೆಯ ಮೇಲಿಟ್ಟರೆ ಭಾರ 900 ಚದರ ಸೆಂ.ಮೀ.ಗೆ ಹಂಚಿಹೋಗಿ, ಒತ್ತಡ ಅರ್ಧ ಕಿಲೊಗಿಂತ ತುಸು ಹೆಚ್ಚು ಮಾತ್ರ ಉಳಿಯುತ್ತದೆ. ಒಂದು ತುಂಡು ಹಲಗೆಯಿಂದ ಒಂಬತ್ತು ಪಟ್ಟು ಲಾಭ. ಎರಡಂಗುಲ ದಪ್ಪದ, ಸೀಳಿಲ್ಲದ ಗಟ್ಟಿ ಮರದ ಹಲಗೆ ಸಾಕು. ಎರಡಿದ್ದರೆ ಉತ್ತಮ.

ಯಾವ ಜಾಕ್?

ಕಮಾನ್ ಪ್ಲೇಟಿನ ಜೀಪಿಗೆ ಬಾಟಲಿ ಜಾಕೇ ಅನುಕೂಲ. ಆಕ್ಸಲಿಗೆ ಕೊಟ್ಟರೆ ಚಕ್ರ ನೇರವಾಗಿ ಮೇಲೇಳುತ್ತದೆ. ಆದರೆ ಟೈರಿನ ಗಾಳಿ ಪೂರ್ತಿ ಹೋಗಿ ಚಕ್ರ ಕೆಸರಲ್ಲಿ ಕೂತಾಗ ಆಕ್ಸಲಿನ ಕೆಳಗೆ ಜಾಕ್ ಹಿಡಿಸದೇ ಹೋಗಬಹುದು. ಅದಕ್ಕಾಗಿ ಸಣ್ಣ ಗುದ್ದಲಿ ಜೊತೆಗಿರಲಿ. ಎಣ್ಣೆ ಸೋರುವ ಜಾಕನ್ನು ಗಾಡಿಯಲ್ಲಿಟ್ಟುಕೊಳ್ಳುವುದಕ್ಕಿಂತ ಇಲ್ಲದಿರುವುದೇ ಮೇಲು.

ಈಚೆಗೆ ಯುವಕರು ಉದ್ದ ಕಂಬದ ಹೈಲಿಫ್ಟ್ ಜಾಕನ್ನು ತರಿಸಿಕೊಳ್ಳುತ್ತಿದ್ದಾರೆ. ಅಮೆರಿಕದ ರೈತರು 1905ರಿಂದ ಬಳಸುತ್ತ ಬಂದ ಗಟ್ಟಿ ಸಾಧನವದು. ಎತ್ತುವುದಕ್ಕೂ ಎಳೆಯುವುದಕ್ಕೂ ಬರುತ್ತದೆ. ಆದರೆ ಮೂರು ವಿಷಯ ನೆನಪಿರಲಿ. ಒಂದು, ಬಂಪರಿಗೆ ಕೊಟ್ಟಾಗ ಮೊದಲು ಬಾಡಿ ಏಳುತ್ತದೆ, ಚಕ್ರ ಕೆಸರಲ್ಲೇ ಉಳಿಯುತ್ತದೆ. ಆಕ್ಸಲನ್ನು ಚಾಸಿಗೆ ಸರಪಳಿಯಿಂದ ಬಿಗಿದರೆ ಚಕ್ರವೂ ಏಳುತ್ತದೆ. ಎರಡು, ಇಳಿಸುವಾಗ ಹಿಡಿ ಕೈತಪ್ಪಿದರೆ ದವಡೆ ಮುರಿಯುವಷ್ಟು ಜೋರಾಗಿ ಬಡಿಯುತ್ತದೆ. ಮುಖವನ್ನು ಅದರ ದಾರಿಗೆ ಒಡ್ಡಬಾರದು. ಮೂರು, ಹೊಸ ಗಾಡಿಗಳ ಪ್ಲಾಸ್ಟಿಕ್ ಬಂಪರಿಗೆ ಅದು ಸಲ್ಲದು.

ಯಾವ ಜಾಕಾದರೂ ಅದು ಇರುವುದು ಎತ್ತುವುದಕ್ಕೆ, ಹೊತ್ತು ನಿಲ್ಲುವುದಕ್ಕಲ್ಲ. ಚಕ್ರ ಬಿಚ್ಚಿದ ಕೂಡಲೇ ಸ್ಟೆಪ್ನಿಯನ್ನು ಚಾಸಿಯ ಕೆಳಗೆ ಮಲಗಿಸಿ ಇಡಿ. ಜಾಕ್ ಜಾರಿದರೂ ಗಾಡಿ ಅದರ ಮೇಲೆ ಕೂರುತ್ತದೆ. ಅಂದು ನಾನು ಇಷ್ಟು ಮಾಡಿದ್ದರೆ ಸಾಕಿತ್ತು.

ಹೂತ ಗಾಡಿಯನ್ನು ಎಳೆಯುವಾಗ

ಚಕ್ರ ಹೂತಾಗ ಆಕ್ಸಿಲರೇಟರ್ ತುಳಿದಷ್ಟೂ ಗುಂಡಿ ಆಳವಾಗುತ್ತದೆ. ನಿಲ್ಲಿಸಿ, ಸರಕನ್ನೂ ಜನರನ್ನೂ ಇಳಿಸಿ, ಹಲಗೆಯ ಮೇಲೆ ಜಾಕ್ ಕೊಟ್ಟು ಚಕ್ರ ಎತ್ತಿ, ಗುಂಡಿಗೆ ಕಲ್ಲು, ಒಡೆದ ಹೆಂಚು ತುಂಬಿದರೆ ಹೆಚ್ಚಿನ ಸಲ ಗಾಡಿ ತಾನೇ ಏಳುತ್ತದೆ. ಅಡಿಕೆ ಸೋಗೆ ಹಾಕಬೇಡಿ. ಒದ್ದೆ ಸೋಗೆ ಜಾರುತ್ತದೆ.

ಹಗ್ಗ ಕಟ್ಟಿ ಎಳೆಯುವುದು ಕೊನೆಯ ಉಪಾಯ. ಬಿಗಿದ ನೈಲಾನ್ ಹಗ್ಗವಾಗಲಿ ಉಕ್ಕಿನ ತಂತಿಯಾಗಲಿ ತುಂಡಾದರೆ ಅದರ ಪೆಟ್ಟು ಪ್ರಾಣಾಂತಕ. ಹಗ್ಗದ ನಡುವೆ ಒದ್ದೆ ಗೋಣಿಚೀಲ ಹೊದಿಸಿದರೆ ಬೀಸು ತಗ್ಗುತ್ತದೆ. ಹಗ್ಗದ ಉದ್ದಕ್ಕಿಂತ ದೂರದಲ್ಲಿ ಎಲ್ಲರೂ ನಿಲ್ಲಬೇಕು, ಮಕ್ಕಳು ಸುತ್ತಮುತ್ತ ಇರಲೇಬಾರದು. ಕೊಕ್ಕೆಯನ್ನು ಚಾಸಿಗೆ ಹಾಕಿ, ಬಂಪರಿಗೆ ಬೇಡ. ಮರಕ್ಕೆ ಕಟ್ಟುವುದಾದರೆ ಬುಡದಲ್ಲಿ ಗೋಣಿ ಸುತ್ತಿ ಕಟ್ಟಿ. ಅಡಿಕೆ ಮರಕ್ಕೂ ಮೆಣಸಿನ ಬಳ್ಳಿ ಹಬ್ಬಿದ ಮರಕ್ಕೂ ಕಟ್ಟುವುದು ನಷ್ಟದ ಬಾಬತ್ತು.

ಜೀಪಿನಲ್ಲಿ ಇರಬೇಕಾದ್ದು

1. ಎಣ್ಣೆ ಸೋರದ ಜಾಕ್, ಅದರ ಹಿಡಿ
2. ಹಲಗೆ ಎರಡು, ಮರದ ಬೆಣೆ ನಾಲ್ಕು
3. ನಟ್ಟಿಗೆ ಸರಿಹೊಂದುವ ಪಾನಾ, ಅದಕ್ಕೆ ತೊಡಿಸಲು ಎರಡಡಿ ಕಬ್ಬಿಣದ ಪೈಪು
4. ಗಾಳಿ ತುಂಬಿದ ಸ್ಟೆಪ್ನಿ
5. ಸಣ್ಣ ಗುದ್ದಲಿ, ಕತ್ತಿ
6. ಗಟ್ಟಿ ಹಗ್ಗ, ಡಿ-ಶ್ಯಾಕಲ್ ಎರಡು, ಹಿಂಚಕ್ರಕ್ಕೆ ಚೈನು
7. ಟಾರ್ಚು, ಗೋಣಿಚೀಲ, ಗಾಯಕ್ಕೆ ಕಟ್ಟಲು ಶುಭ್ರ ಬಟ್ಟೆ

ಇವೆಲ್ಲ ಗೊಬ್ಬರದ ಮೂಟೆಗಳ ಅಡಿಯಲ್ಲಿದ್ದರೆ ಇದ್ದೂ ಇಲ್ಲದಂತೆ. ಸೀಟಿನ ಕೆಳಗೋ ಪಕ್ಕದ ಪೆಟ್ಟಿಗೆಯಲ್ಲೋ ಬಿಗಿದು ಕಟ್ಟಿಡಿ. ಸಡಿಲ ಬಿಟ್ಟ ಜಾಕ್ ಗಾಡಿ ಕುಲುಕಿದಾಗ ಕೂತವರ ಕಾಲಿಗೇ ಅಪಾಯ.

ಕೊನೆಯದಾಗಿ ಒಂದು ವಿನಂತಿ. ಮಳೆ ಹಿಡಿಯುವ ಮುಂಚೆ ಒಂದು ಭಾನುವಾರ ಅಂಗಳದ ಸಮನೆಲದಲ್ಲಿ ಜೀಪು ನಿಲ್ಲಿಸಿ, ನಾಲ್ಕೂ ಚಕ್ರಗಳನ್ನು ಒಂದೊಂದಾಗಿ ಬಿಚ್ಚಿ ಹಾಕಿ ನೋಡಿ. ಮನೆಯ ಹುಡುಗರನ್ನೂ ಹೆಣ್ಣುಮಕ್ಕಳನ್ನೂ ಕೆಲಸದವರನ್ನೂ ಜೊತೆಗೆ ಕರೆದುಕೊಳ್ಳಿ. ತುಕ್ಕು ಹಿಡಿದ ನಟ್ಟು, ಸರಿಹೊಂದದ ಪಾನಾ, ಎಣ್ಣೆ ಸೋರುವ ಜಾಕ್ ಎಲ್ಲವೂ ಅಂದೇ ಗೊತ್ತಾಗುತ್ತವೆ. ಎರಡು ಮೂರು ಮನೆಯವರು ಸೇರಿ ಒಂದು ಚೈನ್ ಬ್ಲಾಕ್ ಕೊಂಡಿಟ್ಟುಕೊಳ್ಳುವುದೂ ಕಷ್ಟವಲ್ಲ. ಸಂಘದ ಮೂಲಕ ಇಂಥ ಸಾಮಾನು ಒಟ್ಟಾಗಿ ತರಿಸುವ ವಿಚಾರವನ್ನು ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಮಂಡಿಸಲಿದ್ದೇನೆ. ಸದಸ್ಯರು ದಯವಿಟ್ಟು ತಮ್ಮ ಅಭಿಪ್ರಾಯ ತಿಳಿಸಬೇಕು.

ನನ್ನ ಜೀಪಿನಲ್ಲಿ ಈಗ ನಾಲ್ಕು ಬೆಣೆಗಳಿವೆ. ಅವನ್ನು ಕಡಿದು ಮಾಡಿಕೊಟ್ಟವನು ಆ ಕೊನೆಗಾರನೇ. ಇಂದಿಗೂ ನಾನು ಜಾಕ್ ಕೈಗೆತ್ತಿಕೊಂಡರೆ, ಅವನು ಮಾತಾಡದೆ ಹೋಗಿ ಮೊದಲು ಬೆಣೆ ಕೊಟ್ಟು ಬರುತ್ತಾನೆ.