‘ಸದ್ದಲೇ’ ಎಂದರೆ ಸದ್ದಡಗುವ ಮೈಲಾರ

ಭಾರತ ಹುಣ್ಣಿಮೆ ಕಳೆದ ಎರಡನೆಯ ದಿನ, ಇಳಿಹೊತ್ತು. ಮೈಲಾರದ ಡೆಂಕನಮರಡಿಯ ಬಯಲಿನಲ್ಲಿ ಕಾಲಿಡಲು ಜಾಗವಿಲ್ಲ. ಸವಾರಿ ಬಂಡಿಗಳ ಮೇಲೆ, ಟ್ರ್ಯಾಕ್ಟರ್‌ಗಳ ಮೇಲೆ, ಅಪ್ಪಂದಿರ ಹೆಗಲ ಮೇಲೆ, ಎಲ್ಲಿ ನೋಡಿದರೂ ಜನ. ಎರಚಿದ ಭಂಡಾರಕ್ಕೆ ತಲೆಗೂದಲು, ರುಮಾಲು, ಎತ್ತಿನ ಕೋಡು ಎಲ್ಲವೂ ಅರಿಸಿನ ಬಣ್ಣಕ್ಕೆ ತಿರುಗಿವೆ. ಡಮರುಗದ ಸದ್ದಿನ ನಡುವೆ ‘ಏಳುಕೋಟಿ ಏಳುಕೋಟಿ ಏಳುಕೋಟಿಗೋ’ ಎಂಬ ಉದ್ಘೋಷ ಬಯಲಿನ ಈ ತುದಿಯಿಂದ ಆ ತುದಿಗೆ ಹರಿಯುತ್ತದೆ.

ಉಪವಾಸ ವ್ರತ ಮುಗಿಸಿ, ಕಾರ್ಣಿಕ ಎಂಬ ಭವಿಷ್ಯವಾಣಿ ನುಡಿಯಲು ಬಂದ ಗೊರವಯ್ಯ, ಎರಡಾಳೆತ್ತರಕ್ಕೂ ಮಿಗಿಲಾದ ಬಿಲ್ಲನ್ನು ಸರಸರನೆ ಏರುತ್ತಾರೆ. ತುದಿ ಮುಟ್ಟಿ, ಮುಗಿಲು ದಿಟ್ಟಿಸಿ, ಒಮ್ಮೆ ‘ಸದ್ದಲೇ!’ ಎನ್ನುತ್ತಾರೆ.

ಅಷ್ಟೇ. ಲಕ್ಷಾಂತರ ಜನರ ಬಾಯಿ ಒಟ್ಟಿಗೇ ಮುಚ್ಚುತ್ತದೆ. ಆ ಮೌನದೊಳಗೆ ಒಂದೇ ಒಂದು ಸಾಲು ಬೀಳುತ್ತದೆ. ಅದರ ಕೊನೆಯ ಪದ ‘ಪರಾಕ್’. ಮಾತಿನ ಹಿಂದೆಯೇ ಗೊರವಯ್ಯನವರೂ ಮೇಲಿನಿಂದ ಬೀಳುತ್ತಾರೆ. ಕೆಳಗೆ ಕಾದು ನಿಂತವರು ಹಿಡಿದುಕೊಳ್ಳುತ್ತಾರೆ. ಮರುಕ್ಷಣ ಬಯಲಿಗೆ ಬಯಲೇ ಪಕ್ಕದವರನ್ನು ಕೇಳತೊಡಗುತ್ತದೆ: ‘ಏನಂದ್ರು? ಏನಂದ್ರು?’

ಮೈಲಾರ ಇರುವುದು ಹೂವಿನಹಡಗಲಿ ತಾಲ್ಲೂಕಿನಲ್ಲಿ. 2021ರಲ್ಲಿ ಬಳ್ಳಾರಿಯನ್ನು ವಿಭಜಿಸಿ ವಿಜಯನಗರ ಜಿಲ್ಲೆ ಮಾಡಿದಾಗ ಈ ಊರೂ ಹೊಸ ಜಿಲ್ಲೆಗೆ ಸೇರಿತು. ಪಕ್ಕದಲ್ಲೇ ತುಂಗಭದ್ರೆ, ಹೊಳೆ ದಾಟಿದರೆ ಹಾವೇರಿ ಜಿಲ್ಲೆ. ಜಿಲ್ಲೆಯ ಗಡಿ ಬದಲಾದರೂ ಮೈಲಾರಲಿಂಗನ ಒಕ್ಕಲು ಬದಲಾಗಿಲ್ಲ. ಹೊಳೆಯ ಎರಡೂ ದಂಡೆಯ ರೈತರಿಗೆ, ಕುರಿಗಾರರಿಗೆ ಅವನು ಮನೆದೇವರು.

ಪುರಾಣದ ಪ್ರಕಾರ ಮಣಿಕಾಸುರ, ಮಲ್ಲಾಸುರ ಎಂಬ ಅಣ್ಣತಮ್ಮಂದಿರ ಉಪಟಳ ತಡೆಯಲಾಗದೆ ಋಷಿಗಳು ಶಿವನ ಮೊರೆಹೊಕ್ಕರು. ಶಿವ ಮೈಲಾರನಾಗಿ, ಏಳು ಕೋಟಿ ಸೈನ್ಯ ಕಟ್ಟಿಕೊಂಡು ಬಂದು ಅವರನ್ನು ಕೊಂದ. ಉದ್ಘೋಷದಲ್ಲಿರುವ ‘ಏಳುಕೋಟಿ’ ಆ ಸೈನ್ಯದ ಲೆಕ್ಕ. ಮಹಾರಾಷ್ಟ್ರದ ಜೇಜುರಿಯಲ್ಲಿ ಇದೇ ದೇವರು ಖಂಡೋಬಾ, ತೆಲಂಗಾಣದಲ್ಲಿ ಮಲ್ಲನ್ನ. ಜೇಜುರಿಯ ಮರಾಠಿ ಭಕ್ತರು ಇಂದಿಗೂ ಕೂಗುವುದು ‘ಯೇಳಕೋಟ ಯೇಳಕೋಟ’ ಎಂದೇ. ಮರಾಠಿಯಲ್ಲಿ ಏಳಕ್ಕೆ ‘ಸಾತ್’ ಎನ್ನುತ್ತಾರೆ. ಕೂಗಿನಲ್ಲಿ ಮಾತ್ರ ‘ಏಳು’ ಹಾಗೇ ಉಳಿದಿದೆ.

ದೇವರ ಸಂಸಾರದ ಕತೆಯಲ್ಲೂ ನೆಲದ ಗುರುತಿದೆ. ಕನ್ನಡ ನಾಡಿನ ಮೈಲಾರನಿಗೆ ಗಂಗಿಮಾಳವ್ವ, ಕುರುಬತ್ತೆವ್ವ ಎಂಬ ಇಬ್ಬರು ಹೆಂಡಿರು. ಒಬ್ಬಳು ಮೇಲ್ಜಾತಿಯ ಮನೆಯ ಮಗಳು, ಇನ್ನೊಬ್ಬಳು ಕುರುಬರ ಮಗಳು. ಜೇಜುರಿಯಲ್ಲೂ ಹೀಗೆಯೇ: ವ್ಯಾಪಾರಿ ಮನೆತನದ ಮ್ಹಾಳಸಾ, ಕುರಿಗಾರ ಧನಗರರ ಬಾಣಾಯಿ. ಊರೊಳಗೆ ನೆಲೆನಿಂತವರೂ ಕುರಿ ಹಿಂದೆ ಊರೂರು ಅಲೆಯುವವರೂ ಒಂದೇ ದೇವರಿಗೆ ಹೆಣ್ಣು ಕೊಟ್ಟ ಬೀಗರಾದ ಮೇಲೆ, ಜಾತ್ರೆಯಲ್ಲಿ ಇಬ್ಬರಿಗೂ ಬಾಂಧವ್ಯದ ಹಕ್ಕು ಬಂತು.

ಜಾತ್ರೆಯ ಕಣ್ಣು ಗೊರವರು. ಮೈಮೇಲೆ ಕರಿ ಕಂಬಳಿಯ ನಿಲುವಂಗಿ, ತಲೆಗೆ ಕರಡಿ ಕೂದಲಿನ ಟೋಪಿ, ಕೊರಳಲ್ಲಿ ಕವಡೆ ಸರ, ಸೊಂಟದಲ್ಲಿ ಭಂಡಾರದ ಚೀಲ, ಕೈಯಲ್ಲಿ ಡಮರುಗ. ದೀಕ್ಷೆ ಪಡೆದವರು ಮೈಲಾರನ ಸೈನಿಕರೂ ಹೌದು, ಅವನ ನಾಯಿಗಳೂ ಹೌದು. ಹರಕೆ ಹೊತ್ತವರು ‘ದೋಣಿ ತುಂಬಿಸುವ’ ಹೊತ್ತಿಗೆ ಇದನ್ನು ಹತ್ತಿರದಿಂದ ಕಾಣಬಹುದು. ದೋಣಿ ಎಂದರೆ ಗೊರವರ ಮರದ ಬಟ್ಟಲು. ಭಕ್ತರು ಅದಕ್ಕೆ ಬಾಳೆಹಣ್ಣು, ಹಾಲು, ಸಕ್ಕರೆ, ತುಪ್ಪ ಹಾಕುತ್ತಾರೆ. ಗೊರವರು ಸುತ್ತ ಮಂಡಿಯೂರಿ, ಬೊಗಳುತ್ತಾ, ಗುರುಗುಡುತ್ತಾ ಬಾಗಿ, ನೇರ ಬಾಯಿ ಹಾಕಿ ತಿನ್ನುತ್ತಾರೆ. ಮನೆಯಲ್ಲಿ ಯಜಮಾನನಾಗಿ ಮೀಸೆ ತಿರುವುವ ಮನುಷ್ಯ ಇಲ್ಲಿ ಎಲ್ಲರೆದುರು ನಾಯಿಯಾಗುತ್ತಾನೆ. ಮಗ್ಗುಲಲ್ಲಿ ನಿಂತ ಮಕ್ಕಳು ನಗುತ್ತವೆ, ದೊಡ್ಡವರು ಕೈಮುಗಿಯುತ್ತಾರೆ.

ಇನ್ನೊಂದು ಪಂಗಡ ಕಂಚವೀರರದು. ಸರಪಳಿ ಪವಾಡ, ಕಾಲಿನ ಮೀನಖಂಡಕ್ಕೆ ಗೂಟ ಚುಚ್ಚಿಕೊಳ್ಳುವ ಪವಾಡ ಅವರ ಸೇವೆ. ಯಾರು ಯಾವ ಸೇವೆ ಮಾಡಬೇಕು ಎಂಬುದು ಮನೆತನಗಳಲ್ಲಿ ಹಂಚಿಹೋಗಿರುವುದರಿಂದ, ಮದುವೆಗೆ ತಪ್ಪಿಸಿಕೊಂಡವರೂ ಜಾತ್ರೆಗೆ ತಪ್ಪಿಸಿಕೊಳ್ಳುವಂತಿಲ್ಲ.

ಕಾರ್ಣಿಕದ ಸಾಲನ್ನು ಇಡೀ ವರ್ಷದ ಭವಿಷ್ಯವಾಣಿ ಎಂದು ನಂಬುತ್ತಾರೆ. ಆದರೆ ಗೊರವಯ್ಯ ಅರ್ಥ ಬಿಡಿಸಿ ಹೇಳುವುದಿಲ್ಲ. ಆ ಕೆಲಸ ಕೇಳಿದವರದು. 2023ರ ಫೆಬ್ರುವರಿಯಲ್ಲಿ ನುಡಿದ ಕಾರ್ಣಿಕ ‘ಅಂಬಲಿ ಹಳಸಿತು ಕಂಬಳಿ ಬೀಸಿತಲೇ ಪರಾಕ್’. ಹಳಸುವಷ್ಟು ಅಂಬಲಿ ಮಿಕ್ಕಿತು ಎಂದುಕೊಂಡರೆ ಅದು ಸುಗ್ಗಿ. ಉಣ್ಣುವ ಅಂಬಲಿಯೇ ಕೆಟ್ಟಿತು ಎಂದರೆ ಬರ. ವಿಧಾನಸಭೆ ಚುನಾವಣೆಯ ವರ್ಷವಾದ್ದರಿಂದ ಕಂಬಳಿಗೆ ರಾಜಕೀಯದ ಅರ್ಥವೂ ಅಂಟಿತು. ಮೇ ತಿಂಗಳಲ್ಲಿ ಕುರುಬ ಸಮುದಾಯದ ಸಿದ್ದರಾಮಯ್ಯ ಮುಖ್ಯಮಂತ್ರಿಯಾದಾಗ ‘ಕಂಬಳಿ ಬೀಸಿತಲ್ಲ’ ಎಂದು ನೆನಪಿಸಿಕೊಂಡವರುಂಟು. ಅದೇ ವರ್ಷ ಮುಂಗಾರು ಕೈಕೊಟ್ಟು, ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಸರ್ಕಾರ ಘೋಷಿಸಿತು. ಅಂಬಲಿ ಹಳಸಿದ್ದಕ್ಕೂ ಪುರಾವೆ ಸಿಕ್ಕಂತಾಯಿತು.

ಒಂದೇ ಸಾಲಿಗೆ ಹತ್ತು ಅರ್ಥ ಹೊಂದುವುದರಿಂದಲೇ ಅದು ಸುಳ್ಳಾಗುವುದಿಲ್ಲ ಎಂದು ಅನುಮಾನಿಗಳು ನಗಬಹುದು. ಆದರೆ ಬಯಲಿನಿಂದ ಮನೆಗೆ ಮರಳುವ ಬಂಡಿಯಲ್ಲಿ ನಡೆಯುವ ಮಾತು ಬೇರೆಯೇ ತೂಕದ್ದು. ಈ ಸಲ ಯಾವ ಬೀಜ ಬಿತ್ತಬೇಕು, ಮೇವು ಕೂಡಿಡಬೇಕೋ ಮಾರಬೇಕೋ, ಸಾಲ ಮಾಡಿ ಬೋರು ಕೊರೆಸಬಹುದೇ? ಒಬ್ಬೊಬ್ಬನೇ ಕೂತು ಚಿಂತಿಸುತ್ತಿದ್ದ ಪ್ರಶ್ನೆಗಳು ಕಾರ್ಣಿಕದ ನೆಪದಲ್ಲಿ ಬಂಡಿಯವರೆಲ್ಲರ ಪ್ರಶ್ನೆಗಳಾಗುತ್ತವೆ. ಬಂಡಿ ಊರು ಮುಟ್ಟುವ ಮೊದಲೇ ಹಿರಿಯರ ಒಂದು ಅರ್ಥ, ಹುಡುಗರ ಇನ್ನೊಂದು ಅರ್ಥ ತಯಾರಾಗಿರುತ್ತದೆ. ವರ್ಷದ ಕೊನೆಗೆ ಗೆದ್ದವರು ಯಾರೆಂದು ಲೆಕ್ಕ ಹಾಕುವುದೂ ಉಂಟು.

ನಂಬಿಕೆಯ ಹಿಡಿತ ರೈತರಿಗಷ್ಟೇ ಸೀಮಿತವಲ್ಲ. ಮೈಲಾರನ ಗುಡಿಯ ಮೇಲೆ ಹಾರಾಡಬಾರದು ಎಂಬ ಮಾತಿದೆ. ಹೆಲಿಕಾಪ್ಟರ್‌ನಲ್ಲಿ ಗುಡಿಯ ಮೇಲೆ ಹಾದುಹೋಗಿದ್ದ ಪ್ರಭಾವಿ ರಾಜಕಾರಣಿಯೊಬ್ಬರು, ಆಮೇಲೆ ಸಂಕಷ್ಟಗಳು ಎದುರಾದಾಗ, 2021ರಲ್ಲಿ ಬಂದು ಬೆಳ್ಳಿಯ ಪುಟ್ಟ ಹೆಲಿಕಾಪ್ಟರ್ ಒಪ್ಪಿಸಿ ತಪ್ಪುಕಾಣಿಕೆ ಸಲ್ಲಿಸಿದ್ದರು.

ಆಚರಣೆ ಕಲ್ಲಿನಲ್ಲಿ ಕೊರೆದದ್ದೂ ಅಲ್ಲ. ಮೈಲಾರನ ಇನ್ನೊಂದು ನೆಲೆ ಯಾದಗಿರಿ ಜಿಲ್ಲೆಯ ಮೈಲಾಪುರ. ಅಲ್ಲಿ ಸಂಕ್ರಾಂತಿಯ ಜಾತ್ರೆಯಲ್ಲಿ ಪಲ್ಲಕ್ಕಿಯ ಮೇಲೆ ಕುರಿಮರಿ ಎಸೆಯುವ ಹರಕೆಯಿತ್ತು. ಜಿಲ್ಲಾಡಳಿತ ಅದನ್ನು ನಿಷೇಧಿಸಿ, ದಾರಿಯಲ್ಲೇ ಮರಿಗಳನ್ನು ವಶಕ್ಕೆ ಪಡೆಯುತ್ತದೆ. ಜಾತ್ರೆ ನಿಂತಿಲ್ಲ. ಕಾರ್ಣಿಕವೂ ಮೈಲಾರದಲ್ಲಷ್ಟೇ ಅಲ್ಲ: ಹಾವೇರಿ ಜಿಲ್ಲೆಯ ದೇವರಗುಡ್ಡದಲ್ಲಿ ನವರಾತ್ರಿಯ ಹೊತ್ತಿಗೆ ಇನ್ನೊಂದು ನಡೆಯುತ್ತದೆ. ಮುಂಗಾರಿಗೆ ಮೊದಲು ಮೈಲಾರದ್ದು, ಹಿಂಗಾರಿನ ಹೊತ್ತಿಗೆ ಅಲ್ಲಿಯದು ಎಂಬಂತೆ, ಬೇಸಾಯದ ಎರಡು ಹಂಗಾಮಿಗೂ ಒಂದೊಂದು ಸಾಲು ಸಿಗುತ್ತದೆ.

ಮೈಲಾರ ನೋಡಬೇಕೆಂದರೆ ಎರಡು ದಾರಿ. ಗದ್ದಲ ಬೇಕಾದವರು ರಥಸಪ್ತಮಿಯಿಂದ ಭಾರತ ಹುಣ್ಣಿಮೆಯ ನಂತರದವರೆಗೆ ಬರಬೇಕು. ರೈಲಿಗೆ ರಾಣೆಬೆನ್ನೂರು ಅನುಕೂಲ, ಅಲ್ಲಿಂದಲೂ ಹಡಗಲಿಯಿಂದಲೂ ಬಸ್ಸುಗಳಿವೆ. ಗುಡಿಯನ್ನು ಸಮಾಧಾನವಾಗಿ ನೋಡಬೇಕೆನ್ನುವವರು ಉಳಿದ ದಿನಗಳಲ್ಲಿ ಬಂದರೆ, ತುಂಗಭದ್ರೆಯ ದಂಡೆಯ ಕುರುವತ್ತಿಯನ್ನೂ ಸೇರಿಸಿಕೊಳ್ಳಬಹುದು. ಅಲ್ಲಿನ ಮಲ್ಲಿಕಾರ್ಜುನ ಗುಡಿಯ ಮದನಿಕೆಯರು ಕಲ್ಯಾಣ ಚಾಲುಕ್ಯರ ಶಿಲ್ಪಿಗಳ ಕೈಚಳಕ.

ಜಾತ್ರೆ ಮುಗಿದ ಮೇಲೆ ಡೆಂಕನಮರಡಿ ಮತ್ತೆ ಬರೀ ಬಯಲು. ಒಣಗಿದ ಮೇವಿನ ಎಸಳು, ಬಂಡಿಚಕ್ರದ ಗೆರೆ, ಮಣ್ಣಿಗಂಟಿದ ಅರಿಸಿನ. ಮೊದಲ ಮಳೆ ಬಂದು ಆ ಅರಿಸಿನ ತೊಳೆಯುವುದು ಯಾವಾಗ ಎಂಬುದೇ ಸುತ್ತಲ ಹಳ್ಳಿಗಳಲ್ಲಿ ಮುಂದಿನ ಮಾತು.