ಮೆಜೆಸ್ಟಿಕ್ ಗೇಟಿಗೆ ನಮ್ಮೂರ ಸೀಸನ್ ಪಾಸ್ ಗೊತ್ತಿಲ್ಲ

ತುಮಕೂರಿನಿಂದ ಬೆಳಗಿನ ರೈಲು ಹಿಡಿಯುವವರದ್ದು ಒಂದು ದಿನಚರಿ. ಕ್ಯಾತ್ಸಂದ್ರ ದಾಟುವಷ್ಟರಲ್ಲಿ ಸೀಟಿನ ಜಗಳ ಮುಗಿದಿರುತ್ತದೆ. ದಾಬಸ್‌ಪೇಟೆ ಬರುವಷ್ಟರಲ್ಲಿ ಒಂದೇ ಪೇಪರು ನಾಲ್ಕು ಕೈ ಬದಲಾಗಿರುತ್ತದೆ. ಆಮೇಲೆ ನಿದ್ದೆ. ಚಿಕ್ಕಬಾಣಾವರದಲ್ಲಿ ಯಾರೋ ಒಬ್ಬರು ಎಬ್ಬಿಸುತ್ತಾರೆ. ನಡುವೆ ಟಿ.ಸಿ. ಬಂದರೆ ಸೀಸನ್ ಪಾಸ್ ತೋರಿಸಿದರಾಯಿತು. ತಿಂಗಳಿಗೊಮ್ಮೆ ದುಡ್ಡು ಕಟ್ಟಿದ ಮೇಲೆ ದಿನಕ್ಕೆ ಎಷ್ಟು ಸಲ ಓಡಾಡಿದಿರಿ ಅಂತ ರೈಲ್ವೆಯವರು ಕೇಳೋದಿಲ್ಲ.

ಇದೇ ಜನ ಬೆಂಗಳೂರಿನಲ್ಲಿ ಇಳಿಯುತ್ತಾರೆ. ನಿಲ್ದಾಣಕ್ಕೆ ಈಗ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣನ ಹೆಸರು. ನಮ್ಮವರ ಬಾಯಲ್ಲಿ ಮಾತ್ರ ಇನ್ನೂ ಸಿಟಿ ಸ್ಟೇಷನ್ನೇ. ಹತ್ತು ಪ್ಲಾಟ್‌ಫಾರಂಗಳ ಆ ಸಂತೆಯಿಂದ ಹೊರಬಿದ್ದು, ರಸ್ತೆಯಡಿಯ ಸುರಂಗದಲ್ಲಿ ತಳ್ಳಾಡಿಕೊಂಡು, ಮೆಜೆಸ್ಟಿಕ್ ಮೆಟ್ರೋದ ಮೆಟ್ಟಿಲು ಇಳಿದರೆ ಎದುರಿಗೆ ಗೇಟು. ಗಾಜಿನಂಥ ಎರಡು ರೆಕ್ಕೆ, ಪಕ್ಕದಲ್ಲಿ ಒಂದು ಕಣ್ಣು. ಕಾರ್ಡು ತೋರಿಸಿದರೆ ರೆಕ್ಕೆ ತೆರೆಯುತ್ತದೆ, ಇಲ್ಲದಿದ್ದರೆ ಇಲ್ಲ. ಎಪ್ಪತ್ತು ಕಿಲೋಮೀಟರು ದೂರದಿಂದ ಪಾಸು ಹೊತ್ತು ತಂದವನೂ ಇಲ್ಲಿ ಹೊಸಬನೇ.

ಮೊನ್ನೆ ಈ ವರದಿಗಾರನ ಮುಂದೆ ಗುಬ್ಬಿ ಕಡೆಯ ಒಬ್ಬ ಅಜ್ಜಿ ನಿಂತಿದ್ದರು. ಕೈಯಲ್ಲಿ ಎಕ್ಸ್‌ರೇ ಕವರು, ಸೊಂಟದಲ್ಲಿ ಎಲೆಅಡಿಕೆ ಚೀಲ. ಮೊಮ್ಮಗ ಫೋನಿನಲ್ಲೇ ಇಬ್ಬರಿಗೂ ಟಿಕೆಟ್ ತೆಗೆದಿದ್ದ. ಜಯದೇವ ಆಸ್ಪತ್ರೆಗೆ ಹೋಗಬೇಕಿತ್ತು. ಅಜ್ಜಿ ಗೇಟಿನ ರೆಕ್ಕೆಯನ್ನೇ ದಿಟ್ಟಿಸುತ್ತಾ, "ನಾನು ನಡುಮಧ್ಯೆ ಇದ್ದಾಗ ಮುಚ್ಕೊಂಡ್ರೆ ಏನ್ಲಾ ಗತಿ?" ಅಂದರು. ಹಿಂದಿನ ಸಾಲು ನಕ್ಕಿತು. ಕಾವಲಿನ ಹುಡುಗಿ ಬಂದು, "ಬನ್ನಿ ಅಜ್ಜಿ, ಇಲ್ಲಿ ಅಗಲ ಇದೆ" ಎಂದು ಗಾಲಿಕುರ್ಚಿಯವರಿಗೆಂದು ಇಟ್ಟಿರುವ ಗೇಟಿನ ಕಡೆ ಕರೆದೊಯ್ದಳು. ಅಜ್ಜಿ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದೇ ದಾಟಿದರು. ಯಾಕೆ ಅಂತ ಯಾರೂ ಕೇಳಲಿಲ್ಲ.

ಈ ಗೇಟು ಮಾಡೋದು ಏನು? ಕಾರ್ಡಿನೊಳಗೆ ಬ್ಯಾಟರಿ ಇಲ್ಲ. ಒಂದು ಚಿಪ್ಪು, ಸುತ್ತ ತೆಳ್ಳನೆ ತಂತಿಯ ಸುರುಳಿ, ಅಷ್ಟೆ. ಗೇಟಿನ ಹತ್ತಿರ ಹಿಡಿದಾಗ ಗೇಟಿನಿಂದಲೇ ಅದಕ್ಕೆ ಕರೆಂಟು ಸಿಗುತ್ತದೆ. ಯಾವ ನಿಲ್ದಾಣ, ಎಷ್ಟು ಗಂಟೆ ಎಂದು ಗೇಟು ಗುರುತು ಹಾಕಿ ಒಳಗೆ ಬಿಡುತ್ತದೆ. ಇಳಿಯುವ ಕಡೆ ಇನ್ನೊಂದು ಗೇಟು ಆ ಗುರುತು ಓದಿ, ದೂರಕ್ಕೆ ತಕ್ಕಂತೆ ದುಡ್ಡು ಮುರಿದುಕೊಳ್ಳುತ್ತದೆ. ಹತ್ತುವಾಗ ನೀವು ಎಲ್ಲಿ ಇಳೀತೀರಿ ಅನ್ನೋದು ಗೇಟಿಗೆ ತಿಳಿಯದು. ಅದಕ್ಕೇ ಕನಿಷ್ಠ ಇಷ್ಟು ಹಣ ಕಾರ್ಡಿನಲ್ಲಿ ಇರಲೇಬೇಕು ಎಂಬ ನಿಯಮ.

ಕಥೆ ಕೆಟ್ಟಿದ್ದು ಇಲ್ಲೇ. 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಮೊದಲ ಮೆಟ್ರೋ ಓಡಿದಾಗ ಇದೊಂದು ಆಟಿಕೆ ರೈಲು ಅಂದವರಿದ್ದರು. 2017ರ ಜೂನ್‌ನಲ್ಲಿ ಹಸಿರು ಮಾರ್ಗ ಮೆಜೆಸ್ಟಿಕ್ ಮೂಲಕ ಯಲಚೇನಹಳ್ಳಿಗೆ ಹೋಯಿತು. ಯಶವಂತಪುರದಲ್ಲಿ ಇಳಿದು ಮೆಟ್ರೋ ಹತ್ತುವ ತುಮಕೂರಿನವರು ಆಗಿನಿಂದ ಹೆಚ್ಚಾದರು. 2024ರ ನವೆಂಬರ್‌ನಲ್ಲಿ ಮಾದಾವರದವರೆಗೂ ಬಂತು, ಅಂದರೆ ನಮ್ಮ ತುಮಕೂರು ರಸ್ತೆಯ ಮೇಲೇ ಬಂತು. 2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹಳದಿ ಮಾರ್ಗ ಸೇರಿತು. ರೈಲು ಬೆಳೆದಂತೆ ದರವೂ ಬೆಳೆಯಿತು. ನಿವೃತ್ತ ನ್ಯಾಯಮೂರ್ತಿ ಆರ್. ತಾರಣಿ ಅವರ ಸಮಿತಿ ವರದಿ ಕೊಟ್ಟ ಮೇಲೆ 2025ರ ಫೆಬ್ರವರಿ 9ರಿಂದ ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಹಾರಿತು. ಕೆಲವು ಕಡೆ ಏರಿಕೆ ದುಪ್ಪಟ್ಟೇ ಆಗಿ, ಜನ ಬೊಬ್ಬೆ ಹಾಕಿ, ಮುಖ್ಯಮಂತ್ರಿಗಳೂ ಮಧ್ಯೆ ಬಂದು, ಐದೇ ದಿನದಲ್ಲಿ ಏರಿಕೆ ಶೇ. 71ರ ಒಳಗೇ ಇರಲಿ ಎಂದು ಇಳಿಸಿದರು. ಆದರೆ ಗರಿಷ್ಠ 90 ಹಾಗೇ ಉಳಿಯಿತು. ಕಾರ್ಡಿನಲ್ಲಿ ಇರಬೇಕಾದ ಕನಿಷ್ಠ ಹಣ 50 ಇದ್ದದ್ದು ಅದೂ 90 ಆಯಿತು.

ದೊಡ್ಡ ಸಂಬಳದವರಿಗೆ 90 ರೂಪಾಯಿ ಏನೂ ಅಲ್ಲ. ಗಾರೆ ಕೆಲಸಕ್ಕೆ, ಮನೆಗೆಲಸಕ್ಕೆ, ಗಾರ್ಮೆಂಟ್ಸಿಗೆ ಹೋಗುವವರಿಗೆ ಅದು ಸಂಜೆಯ ಹಾಲು, ಸೊಪ್ಪು, ಮಾರನೆಯ ದಿನದ ತಿಂಡಿ. ಹತ್ತು ರೂಪಾಯಿಯ ದೂರ ಹೋಗಬೇಕಾದರೂ 90 ಕಾರ್ಡಿನಲ್ಲಿ ಕಟ್ಟಿಹಾಕಿರಬೇಕು. ಕಾರ್ಡಿನ ಬೆಲೆ ಬೇರೆ. ಕಾರ್ಡು ಬೇಡ ಅಂದರೆ 2022ರ ನವೆಂಬರ್‌ನಿಂದ ಫೋನಿನಲ್ಲೇ ಚೌಕುಳಿ ಚಿತ್ರದ ಟಿಕೆಟ್ ತೆಗೆಯಬಹುದು. ಆಯಾ ಪ್ರಯಾಣದ ದುಡ್ಡು ಕೊಟ್ಟರೆ ಮುಗಿಯಿತು, ಆದರೆ ಕಾರ್ಡಿನವರಿಗೆ ಸಿಗುವ ರಿಯಾಯಿತಿಗೆ ಕಾರ್ಡೇ ಬೇಕು. ರಿಯಾಯಿತಿಯಾದರೂ ಎಷ್ಟು? ದಟ್ಟಣೆಯ ಹೊತ್ತಿನಲ್ಲಿ ಶೇ. 5. ಬೆಳಿಗ್ಗೆ 8ರೊಳಗೆ, ಮಧ್ಯಾಹ್ನ 12ರಿಂದ 4, ರಾತ್ರಿ 9ರ ಮೇಲೆ ಶೇ. 10. ಸಾಹೇಬರು ಕೆಲಸಕ್ಕೆ ಕರೆಯೋದು ಒಂಬತ್ತು ಗಂಟೆಗೆ ಸ್ವಾಮಿ, ಮಧ್ಯಾಹ್ನ ಹನ್ನೆರಡಕ್ಕೆ ಹೋದರೆ ಶೇ. 10ರ ಜೊತೆಗೆ ಕೆಲಸವೂ ಉಳಿಯೋದಿಲ್ಲ.

ಲೆಕ್ಕ ಹಾಕೋಣ. ಮೆಜೆಸ್ಟಿಕ್‌ನಿಂದ 30 ರೂಪಾಯಿ ದೂರದ ಕೆಲಸ ಎಂದಿಟ್ಟುಕೊಳ್ಳಿ. ತಿಂಗಳಿಗೆ 26 ದಿನ, ಹೋಗಿ ಬರೋದು 52 ಸಲ, ಒಟ್ಟು 1560 ರೂಪಾಯಿ. ಶೇ. 5 ಕಳೆದರೆ 1482. ತುಮಕೂರಿನಿಂದ ಬೆಂಗಳೂರಿಗೆ ತಿಂಗಳಿಡೀ ರೈಲಿನಲ್ಲಿ ಬರುವುದಕ್ಕಿಂತ ಊರೊಳಗಿನ ಆ ನಾಲ್ಕಾರು ಕಿಲೋಮೀಟರೇ ದುಬಾರಿ! 2025ರಲ್ಲಿ ದರ ಹೊಸದು ಮಾಡಿದಾಗಲೂ ಮೆಟ್ರೋಗೆ ತಿಂಗಳ ಪಾಸು ಬರಲಿಲ್ಲ.

ರೈಲ್ವೆಯವರೇನು ಧರ್ಮಛತ್ರ ನಡೆಸುತ್ತಿಲ್ಲ. ಟಿಕೆಟ್ ಇಲ್ಲದೆ ಸಿಕ್ಕರೆ ದಂಡ ಕನಿಷ್ಠ 250 ರೂಪಾಯಿ, ಅದರ ಮೇಲೆ ರೈಲು ಚಾರ್ಜು. ಬಿಡಲು ಬಂದ ನೆಂಟನೂ ಪ್ಲಾಟ್‌ಫಾರಂ ಟಿಕೆಟಿಗೆ 10 ರೂಪಾಯಿ ಕೊಡಬೇಕು, ಅದೂ ಎರಡು ಗಂಟೆಗೆ ಮಾತ್ರ. ಆದರೂ ಅಲ್ಲಿ 150 ಕಿಲೋಮೀಟರಿನವರೆಗೆ ಸೀಸನ್ ಪಾಸುಂಟು. 2009ರಲ್ಲಿ ರೈಲ್ವೆ ಮಂತ್ರಿಯಾಗಿದ್ದ ಮಮತಾ ಬ್ಯಾನರ್ಜಿ, ತಿಂಗಳ ವರಮಾನ 1500 ರೂಪಾಯಿ ಮೀರದವರಿಗೆ 25 ರೂಪಾಯಿಗೆ 100 ಕಿಲೋಮೀಟರಿನ ಪಾಸು ಕೊಟ್ಟಿದ್ದರು. 'ಇಜ್ಜತ್' ಎಂದು ಅದಕ್ಕೆ ಹೆಸರು. ಮರ್ಯಾದೆ ಎಂದರ್ಥ. ಪಾಸಿಗೆ ಇಟ್ಟ ಹೆಸರುಗಳಲ್ಲಿ ಇದಕ್ಕಿಂತ ಚೆನ್ನಾಗಿರೋದನ್ನು ನಾನು ಕಂಡಿಲ್ಲ.

ಇನ್ನು ಪಕ್ಕದ ಬಸ್ ನಿಲ್ದಾಣ. 2023ರ ಜೂನ್ 11ರಿಂದ 'ಶಕ್ತಿ' ಬಂದು ಹೆಂಗಸರಿಗೆ ಸಾಮಾನ್ಯ ಬಸ್ಸಿನಲ್ಲಿ ಪುಕ್ಕಟೆ. ಅವರಿಗೂ ಮೂರು ತಿಂಗಳಲ್ಲಿ ಸ್ಮಾರ್ಟ್‌ಕಾರ್ಡ್ ಎಂದು ಆಗ ಹೇಳಿತ್ತು ಸರ್ಕಾರ. 2025ರಲ್ಲೂ ಆಧಾರ್ ತೋರಿಸಿ ಸೊನ್ನೆ ಟಿಕೆಟ್ ಹರಿಸಿಕೊಳ್ಳುತ್ತಿದ್ದರು. ಕಾರ್ಡಿಲ್ಲದೆಯೂ ಬಸ್ಸು ಓಡಿತು ಅನ್ನೋದು ಬೇರೆ ಮಾತು. ಒಟ್ಟಿನಲ್ಲಿ ಒಂದೇ ಮೆಜೆಸ್ಟಿಕ್‌ನಲ್ಲಿ ಕಲ್ಲೆಸೆತದ ದೂರದಲ್ಲಿ ಮೂರು ಸರ್ಕಾರಿ ಬಾಗಿಲು. ಒಂದಕ್ಕೆ ತಿಂಗಳ ಪಾಸು, ಒಂದಕ್ಕೆ ಆಧಾರು, ಒಂದಕ್ಕೆ 90 ರೂಪಾಯಿ ತುಂಬಿದ ಕಾರ್ಡು. 2019ರ ಮಾರ್ಚ್‌ನಲ್ಲಿ ಪ್ರಧಾನಿಯವರು ಅಹಮದಾಬಾದಿನಲ್ಲಿ 'ಒಂದು ದೇಶ, ಒಂದು ಕಾರ್ಡು' ಬಿಡುಗಡೆ ಮಾಡಿದರು. ಆ ಕಾರ್ಡು ನಮ್ಮ ಮೆಟ್ರೋಗೂ ಬಂತು. ತುಮಕೂರಿನ ಸೀಸನ್ ಪಾಸು ಮಾತ್ರ ಅದರೊಳಗೆ ಸೇರಲಿಲ್ಲ.

ಯಂತ್ರದ ತಪ್ಪಲ್ಲ

ಹಾಗಂತ ಗೇಟನ್ನು ಬೈದು ಪ್ರಯೋಜನವಿಲ್ಲ. 2024ರ ಫೆಬ್ರವರಿಯಲ್ಲಿ ರಾಜಾಜಿನಗರ ಮೆಟ್ರೋ ನಿಲ್ದಾಣದಲ್ಲಿ ಏನಾಯಿತು ನೆನಪಿದೆಯಲ್ಲ? ತಲೆ ಮೇಲೆ ಗಂಟು ಹೊತ್ತ ರೈತರೊಬ್ಬರನ್ನು ಬಟ್ಟೆ ಕೊಳಕು ಎಂದು ತಪಾಸಣೆಯಲ್ಲಿ ತಡೆದರು. ಅವರ ಕೈಯಲ್ಲಿ ಟಿಕೆಟ್ ಇತ್ತು. ಜೊತೆಯ ಪ್ರಯಾಣಿಕರು ಜಗಳಕ್ಕೆ ನಿಂತು ಒಳಗೆ ಕರೆದೊಯ್ದರು, ವಿಡಿಯೋ ಊರೆಲ್ಲಾ ಓಡಿತು, ನಿಗಮ ವಿಷಾದ ಹೇಳಿ ಭದ್ರತಾ ಮೇಲ್ವಿಚಾರಕನನ್ನು ಕೆಲಸದಿಂದ ತೆಗೆಯಿತು. ತಡೆದದ್ದು ಮನುಷ್ಯ. ಗೇಟು ಪಂಚೆಯನ್ನೂ ನೋಡೋದಿಲ್ಲ, ಸೂಟನ್ನೂ ನೋಡೋದಿಲ್ಲ. ಹಳೇ ಕಾಲದ ಕರಿಕೋಟಿನ ಟಿಕೆಟ್ ಕಲೆಕ್ಟರು ಹಾಗಿರಲಿಲ್ಲ. ಪರಿಚಯಸ್ಥನಿಗೆ ನಗು, ಹಳ್ಳಿಯವನಿಗೆ ಗದರಿಕೆ, ಒಮ್ಮೊಮ್ಮೆ ಬಸುರಿಗೆ, ಮುದುಕರಿಗೆ ಕರುಣೆ. ಗೇಟಿಗೆ ಆ ಗದರಿಕೆಯೂ ಇಲ್ಲ, ಆ ಕರುಣೆಯೂ ಇಲ್ಲ. ಹೇಳಿಕೊಟ್ಟ ಲೆಕ್ಕ ಮಾಡುತ್ತದೆ.

ಬೇರೆ ಲೆಕ್ಕ ಹೇಳಿಕೊಟ್ಟರೆ ಅದನ್ನೂ ಮಾಡುತ್ತದೆ. ಲಂಡನ್ನಿನ ಸುರಂಗ ರೈಲಿಗೆ 2003ರಲ್ಲಿ 'ಆಯ್ಸ್ಟರ್' ಎಂಬ ಕಾರ್ಡು ಬಂತು. 2005ರಿಂದ ಅದಕ್ಕೊಂದು ದಿನದ ಮಿತಿ ಹಾಕಿದರು. ಆ ದಿನ ಕಾರ್ಡಿನಿಂದ ಇಂತಿಷ್ಟು ಹಣ ಮುರಿದಾಯಿತು ಅಂದರೆ ಮಿಕ್ಕ ಓಡಾಟಕ್ಕೆ ಮತ್ತೆ ಮುರಿಯುವುದಿಲ್ಲ. ಪಾಸು ಕೊಳ್ಳಬೇಕಾಗಿಯೇ ಇಲ್ಲ, ಕಾರ್ಡೇ ಪಾಸಾಗುತ್ತದೆ. ಇದನ್ನೇ ತಿಂಗಳಿಗೆ ಹಾಕಿದರೆ ನಮ್ಮ ಗಾರ್ಮೆಂಟ್ಸಿನ ಹೆಣ್ಣುಮಗಳು 52 ಸಲದ ಬದಲು 35 ಸಲದ ದುಡ್ಡು ಕೊಟ್ಟರೆ ಸಾಕು ಎಂದು ಗೇಟಿಗೆ ಹೇಳಬಹುದು. ಹೇಳಬೇಕಾದವರು ಯಾರು? 2024ರ ಬಜೆಟ್‌ನಲ್ಲಿ ಮಾದಾವರದಿಂದ ತುಮಕೂರಿಗೇ ಮೆಟ್ರೋ ತರುವ ಸಾಧ್ಯತಾ ವರದಿ ಮಾಡಿಸುತ್ತೇವೆ ಎಂದರು, ಅದೂ ಖಾಸಗಿ ಪಾಲುದಾರಿಕೆಯಲ್ಲಿ. ನಮ್ಮೂರಲ್ಲಿ ಎಲ್ಲಾ ಚಹಾ ಅಂಗಡಿಗಳಲ್ಲೂ ಸ್ಟೇಷನ್ ಎಲ್ಲಿ ಬರುತ್ತೆ, ಪಕ್ಕದ ಸೈಟಿಗೆ ರೇಟೆಷ್ಟು ಎಂಬ ಚರ್ಚೆ. ಸೀಸನ್ ಪಾಸಿನ ಗತಿ ಏನು ಅಂತ ಕೇಳಿದವರನ್ನು ನಾನು ಕಾಣಲಿಲ್ಲ. ನಮ್ಮ ಜನಪ್ರತಿನಿಧಿಗಳು ಸಾಧ್ಯತೆಯ ಪುಟ ತಿರುವುವಾಗ ಆ ಒಂದು ಸಾಲನ್ನು ಬರೆಸಿದ್ದಾರೋ ಇಲ್ಲವೋ, ಈಗಲೇ ಕೇಳಬೇಕು. ಗೇಟು ನಿಂತ ಮೇಲೆ ಕೇಳಿದರೆ ಗೇಟಿನ ಉತ್ತರ ಎಲ್ಲರಿಗೂ ಗೊತ್ತೇ ಇದೆ.

ಈ ವರದಿಗಾರನಿಗೂ ಅದೇ ಕಡೆ ಕೆಲಸವಿತ್ತು. ಆರ್.ವಿ. ರಸ್ತೆಯಲ್ಲಿ ಹಳದಿ ಮಾರ್ಗಕ್ಕೆ ಬದಲಾಯಿಸುವಾಗ ಅಜ್ಜಿ ಮತ್ತೆ ಸಿಕ್ಕರು. ಚಪ್ಪಲಿ ಈಗ ಕಾಲಲ್ಲಿತ್ತು. ಹೇಗಿತ್ತಮ್ಮ ಅಂದೆ. "ತಣ್ಣಗೆ ಚೆನ್ನಾಗೈತೆ ಕಣಪ್ಪ. ಚೀಟಿ ಸಾಲು ಕಾಯಲ್ಲ ಅಂತ ಬೆಳಿಗ್ಗೆ ಇದ್ರಾಗೆ ಬಂದ್ವಿ. ಸಾಯಂಕಾಲ ಏನು ಅವಸರ? ಬಸ್ನಾಗೆ ಹೋಗ್ತೀನಿ" ಎಂದರು. ಮೊಮ್ಮಗ ಮಾತ್ರ ಮುಖ ಸಣ್ಣ ಮಾಡಿದ. ಬಸ್ಸಿನಲ್ಲಿ ಅವನಿಗೆ ಫುಲ್ ಟಿಕೆಟ್.